ಬೋಟಿನ ಡೀಸೆಲ್ ಎಂಜಿನ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ದಡ ಇನ್ನೂ ದೂರದಲ್ಲಿದೆ. ಒಂದೇ ಸಮನೆ ಓಡುತ್ತಿದ್ದ ಎಂಜಿನ್‌ನ ಸದ್ದು ಒಮ್ಮೆ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಆಮೇಲೆ ನಿಂತೇ ಬಿಡುತ್ತದೆ. ಅಲೆ ಬೋಟಿಗೆ ಬಡಿಯುವ ಸದ್ದು ಮಾತ್ರ ಉಳಿಯುತ್ತದೆ. ಕಾರು ಕೆಟ್ಟರೆ ರಸ್ತೆ ಪಕ್ಕ ನಿಲ್ಲಿಸಿ ಫೋನ್ ಮಾಡಬಹುದು. ಬೋಟು ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿಯೂ ನೀರಿನ ಸೆಳೆತವೂ ಅದನ್ನು ಎಲ್ಲಿಗೋ ಒಯ್ಯುತ್ತಿರುತ್ತವೆ.

ಹಾಗಾಗಿ ಮೊದಲ ಕೆಲಸ ಎಂಜಿನ್ ಮುಚ್ಚಳ ತೆಗೆಯುವುದಲ್ಲ. ಹಗ್ಗ ತಳ ಮುಟ್ಟುವಷ್ಟು ಆಳವಿದ್ದರೆ ಲಂಗರು ಬಿಡಿ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಲಿ. ಎಲ್ಲಿದ್ದೀರಿ ಎಂದು ಯಾರಿಗಾದರೂ ತಿಳಿಸಿ. ಸಮುದ್ರದಲ್ಲಿ ಕಷ್ಟ ಬಂದಾಗ ಕರೆಯಲು, ಬೋಟುಗಳವರು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೋದ ಚಾನೆಲ್ 16 ಲೋಕದಾದ್ಯಂತ ಮೀಸಲಾಗಿದೆ. ಇಷ್ಟು ಮಾಡಿದ ಮೇಲೆ ಎಂಜಿನ್ ಕಡೆ ತಿರುಗಿ.

ಹೀಗೆ ನಿಂತ ಎಂಜಿನ್‌ನ ಒಳಗೆ ಏನೂ ಮುರಿದಿರದ ಸಾಧ್ಯತೆಯೇ ಜಾಸ್ತಿ. ಎಂಜಿನ್‌ಗೆ ಹೊರಗಿನಿಂದ ಬರಬೇಕಾದ ಡೀಸೆಲ್, ಗಾಳಿ, ನೀರು, ಕರೆಂಟು, ಇವುಗಳಲ್ಲಿ ಯಾವುದೋ ಒಂದರ ದಾರಿ ಕಟ್ಟಿರುತ್ತದೆ. ಆ ದಾರಿಗಳನ್ನು ಒಂದೊಂದಾಗಿ ಹಿಡಿದು ಹೋದರೆ ದೋಷ ಸಿಗುತ್ತದೆ. ಅನುಭವಿ ಮೆಕ್ಯಾನಿಕ್ ಮಾಡುವುದೂ ಅದನ್ನೇ.

ಡೀಸೆಲ್ ಎಂಜಿನ್‌ಗೆ ಬೇಕಾದದ್ದು ಏನು?

ಸೈಕಲ್‌ಗೆ ಗಾಳಿ ಹೊಡೆದಿದ್ದೀರಲ್ವಾ? ಹತ್ತಾರು ಸಲ ಜೋರಾಗಿ ಒತ್ತಿದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಗಾಳಿಯನ್ನು ಬೇಗ ಬೇಗ ಒತ್ತಿ ಹಿಡಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ ನಡೆಯುವುದೇ ಈ ಗುಣದಿಂದ. ಸಿಲಿಂಡರ್ ಒಳಗೆ ಪಿಸ್ಟನ್ ಮೇಲೇರಿ, ಗಾಳಿಯನ್ನು ಮೊದಲಿದ್ದ ಜಾಗದ ಸುಮಾರು ಇಪ್ಪತ್ತನೇ ಒಂದು ಭಾಗಕ್ಕೆ ಒತ್ತುತ್ತದೆ. ಆ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದೇ ಹೊತ್ತಿಗೆ ನಾಝಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಕಿಡಿಯೇ ಇಲ್ಲದೆ ಬೆಂಕಿ ಹತ್ತುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿರುವ ಸ್ಪಾರ್ಕ್ ಪ್ಲಗ್ ಇಲ್ಲಿ ಬೇಕಿಲ್ಲ. 1897ರಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್‌ನಲ್ಲೂ ಇದೇ ತತ್ವ, ಇಂದಿನದರಲ್ಲೂ ಇದೇ.

ಅಂದರೆ ಸ್ಟಾರ್ಟ್ ಆಗಲು ಮೂರು ಬೇಕು: ಶುದ್ಧ ಡೀಸೆಲ್, ಸಾಕಷ್ಟು ಗಾಳಿ, ಆ ಗಾಳಿಯನ್ನು ಕಾಯಿಸುವಷ್ಟು ವೇಗದ ತಿರುಗಾಟ. ಸ್ಟಾರ್ಟ್ ಆದ ಮೇಲೆ ಇನ್ನೆರಡು ಸೇರುತ್ತವೆ: ತಂಪು ಮಾಡಲು ನೀರು, ಸವೆಯದಂತೆ ಕಾಯಲು ಆಯಿಲ್.

ಎಂಜಿನ್ ನಿಂತಾಗ ನಿಮ್ಮನ್ನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಅದು ಹೇಗೆ ನಿಂತಿತು? ಸದ್ದು ಏರಿಳಿದು, ಉಸಿರು ಕಟ್ಟಿದಂತಾಗಿ ನಿಂತಿದ್ದರೆ ಡೀಸೆಲ್ ಸರಿಯಾಗಿ ಬರುತ್ತಿಲ್ಲ. ಕೀ ತಿರುಗಿಸಿ ಆಫ್ ಮಾಡಿದಂತೆ ಸಟಕ್ಕನೆ ನಿಂತಿದ್ದರೆ ಕರೆಂಟಿನ ಕಡೆ ನೋಡಿ. ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ದಾರಿಯನ್ನು ತೆರೆದಿಡುವುದೇ ಕರೆಂಟು. ಆ ವೈರು ಸಡಿಲವಾದರೆ ಎಂಜಿನ್ ಆಫ್. ಗೇರ್‌ನಲ್ಲಿದ್ದಾಗ ದಡ್ ಎಂದು ಸದ್ದಾಗಿ ನಿಂತಿದ್ದರೆ ಪ್ರೊಪೆಲ್ಲರ್‌ಗೆ ಹಗ್ಗವೋ ಬಲೆಯೋ ಸುತ್ತಿರಬಹುದು. ನಿಲ್ಲದೆ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಬಲ ಕಳೆದುಕೊಳ್ಳುತ್ತಿದ್ದರೆ ಎಲ್ಲೋ ನಿಧಾನವಾಗಿ ಕಟ್ಟುತ್ತಿದೆ ಎಂದರ್ಥ.

ಸ್ಟಾರ್ಟ್ ಆಗದಿದ್ದರೆ ಮೊದಲು ಕಿವಿಗೊಡಿ

ಕೀ ತಿರುಗಿಸಿದಾಗ ಏನೂ ಕೇಳದಿದ್ದರೆ ಬ್ಯಾಟರಿಯ ಮೇನ್ ಸ್ವಿಚ್, ಫ್ಯೂಸು, ಗೇರ್ ಲಿವರ್ ನೋಡಿ. ಎಷ್ಟೋ ಬೋಟುಗಳಲ್ಲಿ ಗೇರು ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸೆಲ್ಫ್ ಹೊಡೆಯುವುದಿಲ್ಲ. ಲಿವರ್ ಕೂದಲೆಳೆಯಷ್ಟು ಆಚೀಚೆ ಆದರೂ ಸಾಕು.

ಟಕ್ ಎಂದು ಒಂದೇ ಸದ್ದು ಬಂದರೆ, ಅಥವಾ ಎಂಜಿನ್ ಆಕಳಿಸಿದಂತೆ ನಿಧಾನವಾಗಿ ತಿರುಗಿದರೆ, ಅದು ಬ್ಯಾಟರಿಯ ವಿಷಯ. ನಿಧಾನ ತಿರುಗಿದರೆ ಗಾಳಿ ಕಾಯುವುದಿಲ್ಲ, ಹಾಗಾಗಿ ಡೀಸೆಲ್ ಎಷ್ಟೇ ಬಂದರೂ ಹತ್ತಿಕೊಳ್ಳುವುದಿಲ್ಲ. ಸಾಮಾನ್ಯ ಮೀಟರ್ ಇಟ್ಟು ನೋಡಿ. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 12.6ರಿಂದ 12.7 ತೋರಿಸುತ್ತದೆ. 12.2ರ ಆಸುಪಾಸಿನಲ್ಲಿದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಅಳತೆ ಚೆನ್ನಾಗಿದ್ದೂ ಎಂಜಿನ್ ತಿರುಗದಿದ್ದರೆ ಟರ್ಮಿನಲ್‌ಗಳನ್ನು ನೋಡಿ. ಉಪ್ಪು ಗಾಳಿಗೆ ಅಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟುತ್ತದೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಜೋರಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ ಎಂದರೆ ಡೀಸೆಲ್ ಬರುತ್ತಿಲ್ಲ. ಪಾನಾ ಹಿಡಿಯುವ ಮೊದಲು ಸ್ಟಾಪ್ ಲಿವರ್ ನೋಡಿ. ಹಳೆಯ ಮಾದರಿಯ ಎಂಜಿನ್ ಆಫ್ ಮಾಡಲು ಒಂದು ಹಿಡಿ ಎಳೆಯುತ್ತೇವೆ. ಅದನ್ನು ವಾಪಸ್ ಒತ್ತಲು ಮರೆತರೆ ಡೀಸೆಲ್ ಬಂದ್.

ಇಲ್ಲೊಂದು ಅಪಾಯವಿದೆ. ಹೊಸಬರಿಗೆ ಇದು ಗೊತ್ತಿರುವುದೇ ಕಡಿಮೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಚ್ಚಿನ ಬೋಟುಗಳಲ್ಲಿ ಎಂಜಿನ್ ತಂಪು ಮಾಡಿ ಬಂದ ಕಡಲ ನೀರನ್ನು ಹೊಗೆ ಕೊಳವೆಯೊಳಗೆ ಬಿಡುತ್ತಾರೆ. ಹೊಗೆಯ ಬಿಸಿ ಇಳಿಯುತ್ತದೆ, ರಬ್ಬರ್ ಪೈಪ್ ಸುಡುವುದಿಲ್ಲ. ಎಂಜಿನ್ ಓಡುವಾಗ ಹೊಗೆಯ ಒತ್ತಡವೇ ಆ ನೀರನ್ನು ಹೊರಗೆ ದಬ್ಬುತ್ತದೆ. ಆದರೆ ನಾವು ಸುಮ್ನೆ ಸೆಲ್ಫ್ ಹೊಡೆಯುತ್ತಲೇ ಇದ್ದರೆ? ನೀರಿನ ಪಂಪು ತಿರುಗುತ್ತದೆ, ನೀರು ಬರುತ್ತದೆ, ದಬ್ಬಲು ಹೊಗೆ ಇಲ್ಲ. ನೀರು ಸೈಲೆನ್ಸರ್ ತುಂಬಿ, ಹಿಂದಕ್ಕೆ ಏರಿ, ಸಿಲಿಂಡರ್ ಒಳಗೇ ಇಳಿಯಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಆ ನೀರಿಗೆ ಬಡಿದರೆ ಅದನ್ನು ಹಿಡಿದಿರುವ ಕಬ್ಬಿಣದ ದಂಡವೇ ಬಾಗುತ್ತದೆ. ಸಣ್ಣ ತೊಂದರೆ ದೊಡ್ಡ ರಿಪೇರಿಯಾಗುವುದು ಹೀಗೆ.

ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ಎರಡು ಮೂರು ಸಲದಲ್ಲಿ ಹತ್ತಿಕೊಳ್ಳದಿದ್ದರೆ ಕಡಲ ನೀರು ಒಳಬರುವ ವಾಲ್ವ್ ಮುಚ್ಚಿ. ಸೀಕಾಕ್ ಎನ್ನುತ್ತಾರಲ್ಲ, ಅದೇ. ಎಂಜಿನ್ ಹತ್ತಿಕೊಂಡ ತಕ್ಷಣ ಅದನ್ನು ತೆರೆಯಿರಿ. ಮರೆಯದಿರಲು ಕೀ ಮೇಲೆ ಒಂದು ತುಂಡು ಟೇಪ್ ಅಂಟಿಸಿಕೊಳ್ಳಿ.

ಡೀಸೆಲ್ ದಾರಿ: ಹೆಚ್ಚಿನ ದೋಷ ಇಲ್ಲೇ

ಟ್ಯಾಂಕಿನಿಂದ ಹೊರಟ ಡೀಸೆಲ್ ಮೊದಲ ಫಿಲ್ಟರ್‌ಗೆ ಬರುತ್ತದೆ. ಅಲ್ಲಿ ನೀರು ಮತ್ತು ದಪ್ಪ ಕಸ ಬೇರೆಯಾಗುತ್ತವೆ. ಆಮೇಲೆ ಎಳೆಯುವ ಸಣ್ಣ ಪಂಪು, ಎಂಜಿನ್ ಮೇಲಿನ ನುಣ್ಣನೆಯ ಫಿಲ್ಟರ್, ಭಾರಿ ಒತ್ತಡ ಕೊಡುವ ಪಂಪು, ಕೊನೆಗೆ ನಾಝಲ್. ಈ ಸಾಲಿನಲ್ಲಿ ಮೂರು ಶತ್ರುಗಳು: ಕಸ, ನೀರು, ಗಾಳಿ.

ಕಸ ಎಲ್ಲಿಂದ ಬರುತ್ತದೆ? ವರ್ಷಗಟ್ಟಲೆ ಟ್ಯಾಂಕಿನ ತಳದಲ್ಲಿ ಕೆಸರು ಸದ್ದಿಲ್ಲದೆ ಕೂತಿರುತ್ತದೆ. ಸಮುದ್ರ ಕದಡಿದ ದಿನ ಬೋಟು ಕುಣಿಯುತ್ತದೆ, ಟ್ಯಾಂಕೂ ಕುಣಿಯುತ್ತದೆ, ಕೆಸರೆಲ್ಲ ಎದ್ದು ಫಿಲ್ಟರ್‌ಗೆ ನುಗ್ಗುತ್ತದೆ. ಅಲೆ ಜೋರಿದ್ದಾಗಲೇ ಎಂಜಿನ್ ನಿಲ್ಲುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಇದೇ.

ನೀರು ಟ್ಯಾಂಕಿನೊಳಗೇ ಹುಟ್ಟಬಹುದು. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ಇರುತ್ತದೆ. ರಾತ್ರಿ ತಂಪಿಗೆ ಆ ತೇವ ಗೋಡೆಯಲ್ಲಿ ಹನಿಯಾಗಿ ಇಳಿಯುತ್ತದೆ. ಡೀಸೆಲ್‌ಗಿಂತ ನೀರು ಭಾರ, ಹಾಗಾಗಿ ತಳಕ್ಕೆ ಹೋಗಿ ನಿಲ್ಲುತ್ತದೆ. ತುಂಬುವ ಮುಚ್ಚಳದ ರಬ್ಬರ್ ವಾಷರ್ ಸವೆದಿದ್ದರೆ ಮಳೆ ನೀರೂ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವು ಡೀಸೆಲನ್ನೇ ತಿಂದು, ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟಿಸುತ್ತವೆ. ಬೋಟು ತುಂಬ ದಿನ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಿ ಎನ್ನುವುದು ಇದಕ್ಕೇ. ಖಾಲಿ ಜಾಗ ಕಡಿಮೆಯಾದಷ್ಟೂ ತೇವ ಕಡಿಮೆ.

ಪರೀಕ್ಷೆ ಸುಲಭ. ಮೊದಲ ಫಿಲ್ಟರ್‌ನ ಕೆಳಗಿನ ತಿರುಪು ಸಡಿಲಿಸಿ, ಒಂದು ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಬಿಡಿ. ಐದು ನಿಮಿಷ ಅಲ್ಲಾಡಿಸದೆ ಇಡಿ. ಬೆಳಕಿಗೆ ಹಿಡಿದು ನೋಡಿ. ಪೂರ್ತಿ ತಿಳಿಯಾಗಿದ್ದರೆ ಚಿಂತೆಯಿಲ್ಲ. ತಳದಲ್ಲಿ ಬೇರೆ ಬಣ್ಣದ ಪದರ ಕೂತು, ಬಾಟಲಿ ವಾಲಿಸಿದಾಗ ಬೇರೆಯಾಗಿಯೇ ಜಾರಿದರೆ ಅದು ನೀರು. ನಡುವೆ ಕರಿ ಎಳೆಗಳು ತೇಲುತ್ತಿದ್ದರೆ ಜೀವಿಗಳು ಮನೆ ಮಾಡಿವೆ. ಆಗ ಫಿಲ್ಟರ್ ಬದಲಿಸಿದರೆ ಸಾಲದು, ಟ್ಯಾಂಕನ್ನೇ ತೊಳೆಸಬೇಕು.

ಮೂರನೆಯ ಶತ್ರು ಗಾಳಿ. ಸ್ಟ್ರಾದಲ್ಲಿ ಒಂದು ಸಣ್ಣ ತೂತಿದ್ದರೆ ಎಷ್ಟು ಹೀರಿದರೂ ಬಾಯಿಗೆ ಗಾಳಿಯೇ ಬರುತ್ತದೆ ಅಲ್ವಾ? ಸ್ಟ್ರಾದಿಂದ ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಟ್ಯಾಂಕಿನಿಂದ ಎಳೆಯುವ ಪಂಪಿನವರೆಗಿನ ಪೈಪೂ ಹಾಗೆಯೇ. ಅಲ್ಲಿ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಎಂಜಿನ್ ಮಾತ್ರ ಅರ್ಧ ಗಂಟೆ ಓಡಿ ನಿಲ್ಲುತ್ತದೆ. ಸಡಿಲವಾದ ಕ್ಲಿಪ್ಪು, ಬಿರುಕು ಬಿಟ್ಟ ಪೈಪು, ಫಿಲ್ಟರ್ ಬದಲಿಸುವಾಗ ಸರಿಯಾಗಿ ಕೂರದ ರಬ್ಬರ್ ರಿಂಗು, ಈ ಮೂರನ್ನು ಮೊದಲು ನೋಡಿ.

ಗಾಳಿ ಸೇರಿದರೆ ಅದನ್ನು ಹೊರಗೆ ಬಿಡಬೇಕು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಏರ್ ತೆಗೆಯುವುದು. ಎಂಜಿನ್ ಮೇಲಿನ ಫಿಲ್ಟರ್‌ನ ತಲೆಯಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಒಂದೆರಡು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು, ಎಳೆಯುವ ಪಂಪಿನ ಕೈ ಲಿವರನ್ನು ಮೇಲೆ ಕೆಳಗೆ ಆಡಿಸಿ. ಮೊದಲು ನೊರೆ ನೊರೆಯಾಗಿ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಡೀಸೆಲ್ ಬರುತ್ತಿರುವಾಗಲೇ ತಿರುಪು ಬಿಗಿ ಮಾಡಿ. ಒತ್ತಡದ ಪಂಪಿನ ಮೇಲೂ ಅಂಥದೇ ತಿರುಪಿದ್ದರೆ ಅಲ್ಲೂ ಹೀಗೇ. ಲಿವರ್ ಆಡಿಸಿದಾಗ ಕೈಗೆ ಬಿಗಿಯೇ ಸಿಗದೆ ಸಡಿಲ ಸಡಿಲವಾಗಿದ್ದರೆ ಪಂಪು ಕೆಟ್ಟಿದೆ ಎಂದು ಹೆದರಬೇಡಿ. ಎಂಜಿನ್ ಒಳಗಿನ ಉಬ್ಬು ಆ ಲಿವರನ್ನು ಆಗಲೇ ಒತ್ತಿ ಹಿಡಿದಿರುತ್ತದೆ. ಎಂಜಿನ್‌ನ ಮುಂದಿನ ಪುಲ್ಲಿಯನ್ನು ಒಂದು ಸುತ್ತು ತಿರುಗಿಸಿ ನೋಡಿ, ಬಿಗಿ ಬರುತ್ತದೆ.

ನಾಝಲ್ ಹತ್ತಿರ ಮಾತ್ರ ಎಚ್ಚರ. ಹಳೆಯ ಎಂಜಿನ್‌ಗಳಲ್ಲೇ ಅಲ್ಲಿ 150ರಿಂದ 250 ಬಾರ್ ಒತ್ತಡ ಇರುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಕಂಪ್ಯೂಟರ್ ನಡೆಸುವ ಹೊಸ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಅದು 1000 ಬಾರ್ ದಾಟುತ್ತದೆ. ಆ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣಬಹುದು, ಆದರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಸೋರಿಕೆ ಹುಡುಕಲು ಬೆರಳು ಬೇಡ, ರಟ್ಟಿನ ತುಂಡು ಹಿಡಿಯಿರಿ. ಹೊಸ ಎಂಜಿನ್‌ಗಳ ಒತ್ತಡದ ಪೈಪಿಗೆ ಕೈ ಹಾಕಲೇಬೇಡಿ.

ಬಿಸಿ ಏರಿದರೆ ನೀರಿನ ದಾರಿ ಹಿಡಿಯಿರಿ

ಬೋಟಿನ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಎರಡು ನೀರು. ಒಂದು ಎಂಜಿನ್ ಒಳಗೇ ಸುತ್ತುವ ಕೂಲೆಂಟ್. ಇನ್ನೊಂದು ಹೊರಗಿನಿಂದ ಬಂದು ಹೊರಗೇ ಹೋಗುವ ಕಡಲ ನೀರು. ಎರಡೂ ಬೆರೆಯುವುದಿಲ್ಲ. ಹೀಟ್ ಎಕ್ಸ್‌ಚೇಂಜರ್ ಎಂಬ ಡಬ್ಬಿಯೊಳಗೆ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಅವುಗಳ ಒಳಗೆ ಒಂದು ನೀರು, ಹೊರಗೆ ಇನ್ನೊಂದು. ಬಿಸಿ ಮಾತ್ರ ಅತ್ತಿಂದಿತ್ತ ದಾಟುತ್ತದೆ. ಬಿಸಿ ಹಾಲಿನ ಲೋಟವನ್ನು ತಣ್ಣೀರಿನಲ್ಲಿ ಇಟ್ಟ ಹಾಗೆ.

ಬಿಸಿಯ ಅಲಾರಂ ಹೊಡೆದರೆ ಮೊದಲು ವೇಗ ತಗ್ಗಿಸಿ, ಹೊಗೆ ಕೊಳವೆಯ ಕಡೆ ಬಗ್ಗಿ ನೋಡಿ. ನೀರು ಚಳ್ ಚಳ್ ಎಂದು ಉಗುಳುತ್ತಿದೆಯೇ? ಇಲ್ಲವಾದರೆ ಎಂಜಿನ್ ಆಫ್ ಮಾಡಿ. ಕಡಲ ನೀರು ಬರುತ್ತಿಲ್ಲ ಎಂದು ಗೊತ್ತಾಯಿತು. ಆ ಸದ್ದನ್ನು ದಿನಾ ಗಮನಿಸುತ್ತಿದ್ದರೆ ಅಲಾರಂಗಿಂತ ಮೊದಲೇ ಕಿವಿಗೆ ತಿಳಿಯುತ್ತದೆ. ನೀರಿಲ್ಲದ ಹೊಗೆಯ ಸದ್ದು ಒಣ ಒಣವಾಗಿ, ಪೊಳ್ಳಾಗಿ ಕೇಳುತ್ತದೆ.

ಈಗ ಹೊರಗಿನಿಂದ ಒಳಕ್ಕೆ ಬನ್ನಿ. ಸೀಕಾಕ್ ತೆರೆದಿದೆಯೇ? ಬೋಟಿನ ತಳದ ರಂಧ್ರಕ್ಕೆ ಪ್ಲಾಸ್ಟಿಕ್ ಚೀಲ ಅಂಟಿರಬಹುದು. ಒಮ್ಮೆ ಹಿಂದಕ್ಕೆ ಚಲಿಸಿದರೆ ಅದು ಬಿಟ್ಟುಹೋಗುವುದುಂಟು. ಒಳಗಿನ ಜಾಲರಿಯಲ್ಲಿ ಪಾಚಿ, ಎಲೆ, ಸಣ್ಣ ಮೀನು ಸಿಕ್ಕಿರಬಹುದು. ಅದೂ ಸ್ವಚ್ಛವಿದ್ದರೆ ಪಂಪಿನ ಮುಚ್ಚಳ ಬಿಚ್ಚಿ. ಬಿಚ್ಚುವ ಮೊದಲು ಸೀಕಾಕ್ ಮುಚ್ಚಿ, ಇಲ್ಲದಿದ್ದರೆ ನೀರು ಬೋಟಿನೊಳಗೆ ನುಗ್ಗುತ್ತದೆ.

ಒಳಗೆ ಅಂಗೈಯಗಲದ ರಬ್ಬರ್ ಚಕ್ರ ಇರುತ್ತದೆ. ಹೂವಿನ ಎಸಳಿನಂತೆ ಸುತ್ತಲೂ ರೆಕ್ಕೆಗಳು. ಇದೇ ಇಂಪೆಲ್ಲರ್. ಇದನ್ನು ನುಣುಪಾಗಿಡುವುದೂ ಆ ನೀರೇ. ನೀರಿಲ್ಲದೆ ಒಣಗಿ ತಿರುಗಿದರೆ ಒಂದೆರಡು ನಿಮಿಷದಲ್ಲೇ ರೆಕ್ಕೆ ಸುಟ್ಟು ಹರಿಯಬಹುದು. ರೆಕ್ಕೆಯ ಬುಡ ಬಗ್ಗಿಸಿ ನೋಡಿ, ಬಿರುಕು ಕಂಡರೂ ಬದಲಿಸಿ. ಹರಿದಿದ್ದರೆ ಹರಿದ ತುಂಡುಗಳನ್ನೆಲ್ಲ ಹುಡುಕಲೇಬೇಕು. ಹಳೆಯ ಚಕ್ರದ ಪಕ್ಕ ಜೋಡಿಸಿ, ಒಂದೂ ಕಡಿಮೆ ಇಲ್ಲ ಎಂದು ನೋಡಿಕೊಳ್ಳಿ. ಸಿಗದ ತುಂಡು ಮುಂದಿನ ಪೈಪಿನ ತಿರುವಿನಲ್ಲೋ ಹೀಟ್ ಎಕ್ಸ್‌ಚೇಂಜರ್ ಬಾಯಲ್ಲೋ ಕೂತಿರುತ್ತದೆ. ಹೊಸ ಇಂಪೆಲ್ಲರ್ ಹಾಕಿದರೂ ಬಿಸಿ ಇಳಿಯದಿರಲು ಇದೊಂದು ಮುಖ್ಯ ಕಾರಣ.

ನೀರು ಚೆನ್ನಾಗಿ ಬರುತ್ತಿದೆ, ಆದರೂ ಬಿಸಿ ಏರುತ್ತದೆ ಎಂದರೆ ಒಳಗಿನ ಸುತ್ತು ನೋಡಿ. ಕೂಲೆಂಟ್ ಕಡಿಮೆಯಾಗಿರಬಹುದು, ಬಿಸಿಗೆ ತಕ್ಕಂತೆ ಕೂಲೆಂಟಿನ ದಾರಿ ತೆರೆಯುವ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು. ಬಿಸಿಯ ಅಲಾರಂ ಮತ್ತು ಬ್ಯಾಟರಿ ಚಾರ್ಜಿನ ದೀಪ ಎರಡೂ ಒಟ್ಟಿಗೆ ಬಂದರೆ ಬೆಲ್ಟ್ ಹರಿದಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಕೂಲೆಂಟ್ ಪಂಪನ್ನೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಎಷ್ಟೋ ಎಂಜಿನ್‌ಗಳಲ್ಲಿ ಒಂದೇ ಬೆಲ್ಟ್ ತಿರುಗಿಸುತ್ತದೆ. ಕೂಲೆಂಟ್ ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ತೆಗೆಯಬೇಡಿ. ಕುಕ್ಕರ್‌ನ ಹಾಗೆ ಒಳಗೆ ಒತ್ತಡ ಇರುತ್ತದೆ, ತೆಗೆದ ಕೂಡಲೇ ಕುದಿಯುವ ನೀರು ಮುಖಕ್ಕೆ ಎರಚುತ್ತದೆ.

ಹೊಗೆಯ ಬಣ್ಣ ಓದುವುದು

ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಒಂದೋ ಗಾಳಿ ಸಾಲುತ್ತಿಲ್ಲ, ಇಲ್ಲವೇ ಎಂಜಿನ್ ಮೇಲೆ ಭಾರ ಜಾಸ್ತಿ. ಗಾಳಿಯ ಫಿಲ್ಟರ್ ನೋಡಿ. ಎಂಜಿನ್ ಕೋಣೆಗೆ ಗಾಳಿ ಬರುವ ಕಿಂಡಿಗೆ ಸಾಮಾನು ಅಡ್ಡ ಇಟ್ಟಿದ್ದೀರಾ ನೋಡಿ. ಭಾರ ಜಾಸ್ತಿಯಾಗುವುದು ಹೆಚ್ಚಾಗಿ ಬೋಟಿನ ತಳದಲ್ಲಿ. ಚಿಪ್ಪು, ಪಾಚಿ ಕಟ್ಟಿದ ತಳವನ್ನು ಎಳೆಯಲು ಎಂಜಿನ್ ಎರಡು ಪಟ್ಟು ಒದ್ದಾಡುತ್ತದೆ. ಹೊಗೆ ಮತ್ತು ನೀರು ಕೂಡುವ ಬಾಗಿದ ಕೊಳವೆಯಲ್ಲಿ ಮಸಿ, ಉಪ್ಪು ಕಟ್ಟಿ ಬಾಯಿ ಕಿರಿದಾದರೂ ಕಪ್ಪು ಹೊಗೆ ಬರುತ್ತದೆ.

ಬಿಳಿ ಹೊಗೆ ಎರಡು ಬಗೆ. ಬೇಗ ಕರಗಿಹೋದರೆ ಹಬೆ. ತಂಪು ಹೊತ್ತಿನಲ್ಲಿ ಸ್ವಲ್ಪ ಹಬೆ ಸಹಜ, ಒಮ್ಮೆಲೇ ಜಾಸ್ತಿಯಾದರೆ ಕಡಲ ನೀರು ಕಡಿಮೆ ಬರುತ್ತಿರಬಹುದು. ಕರಗದೆ ನೀರಿನ ಮೇಲೆ ತೂಗಾಡುತ್ತ, ಕಣ್ಣುರಿಸುತ್ತ, ನೀರಿನಲ್ಲಿ ಬಣ್ಣಬಣ್ಣದ ಪೊರೆ ಬಿಟ್ಟರೆ ಅದು ಉರಿಯದ ಡೀಸೆಲ್. ಎಂಜಿನ್ ಬಿಸಿಯಾದ ಮೇಲೂ ಹಾಗೇ ಇದ್ದರೆ ನಾಝಲ್ ಕೆಟ್ಟಿದೆ, ಇಲ್ಲವೇ ಗಾಳಿ ಒತ್ತುವ ಬಲ ಕುಗ್ಗಿದೆ.

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಸವೆದ ಪಿಸ್ಟನ್ ರಿಂಗು, ವಾಲ್ವ್, ಗಾಳಿ ತುಂಬುವ ಟರ್ಬೋ ಕಾರಣವಾಗಿರಬಹುದು. ಆಯಿಲ್ ಅಳತೆ ಮೀರಿ ತುಂಬಿದ್ದರೂ ಹೀಗಾಗುತ್ತದೆ, ಅದನ್ನು ಮೊದಲು ನೋಡಿ.

ಆಯಿಲ್ ಅಲಾರಂಗೆ ಕಾಯಬೇಡಿ

ಬಿಸಿಯ ಅಲಾರಂ ಬಂದಾಗ ನೋಡಿಕೊಳ್ಳಲು ಅರ್ಧ ನಿಮಿಷ ಇರುತ್ತದೆ. ಆಯಿಲ್ ಒತ್ತಡದ ಅಲಾರಂ ಬಂದರೆ ಅದೂ ಇಲ್ಲ. ಸುರಕ್ಷಿತ ಎನಿಸಿದ ಕ್ಷಣವೇ ಆಫ್ ಮಾಡಿ. ಲೋಹಕ್ಕೆ ಲೋಹ ಉಜ್ಜಲು ಸೆಕೆಂಡುಗಳು ಸಾಕು.

ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್ ಸ್ಟಿಕ್ ಎಳೆದು ಬಟ್ಟೆಯ ಮೇಲೆ ಒರೆಸಿ ನೋಡಿ. ಕಪ್ಪಾಗಿದ್ದರೆ ಡೀಸೆಲ್ ಎಂಜಿನ್‌ಗೆ ಅದು ಮಾಮೂಲು. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ, ಆ ಎಂಜಿನ್ ಓಡಿಸಲೇಬೇಡಿ. ನೀವು ಸುರಿಯದಿದ್ದರೂ ಮಟ್ಟ ಏರಿದೆ, ಬೆರಳಿಗೆ ತೆಳುವಾಗಿದೆ, ಡೀಸೆಲ್ ವಾಸನೆ ಇದೆ ಎಂದರೆ ಡೀಸೆಲ್ ಇಳಿಯುತ್ತಿದೆ.

ಎಂಜಿನ್ ಓಡುತ್ತದೆ, ಬೋಟು ಹೋಗುವುದಿಲ್ಲ

ಗೇರ್ ಲಿವರ್ ಸಡಿಲವಾಗಿ ಆಡಿದರೆ ಕೇಬಲ್ ಬಿಟ್ಟಿದೆ. ಗೇರ್ ಹಾಕಿದಾಗ ಬೋಟೆಲ್ಲ ನಡುಗಿದರೆ ಪ್ರೊಪೆಲ್ಲರ್‌ಗೆ ಹಗ್ಗ ಸುತ್ತಿದೆ, ಅಥವಾ ಅದರ ರೆಕ್ಕೆ ಬಾಗಿದೆ. ಹಗ್ಗ ಬಿಡಿಸಲು ಯಾರಾದರೂ ನೀರಿಗೆ ಇಳಿಯುವುದಾದರೆ ಎಂಜಿನ್ ಆಫ್ ಆಗಿರಬೇಕು, ಕೀ ಇಳಿದವರ ಕೈಯಲ್ಲೇ ಇರಬೇಕು. ಅಲೆ ಇದ್ದಾಗ ಇಳಿಯುವುದು ಬೇಡ, ಎದ್ದು ಬೀಳುವ ಬೋಟಿನ ಹಿಂಭಾಗ ತಲೆಗೆ ಬಡಿಯುತ್ತದೆ. ಹಗ್ಗ ಬಿಡಿಸಿದ ಮೇಲೆ, ಪ್ರೊಪೆಲ್ಲರ್ ತಿರುಗಿಸುವ ದಂಡ, ಅಂದರೆ ಶಾಫ್ಟ್, ಬೋಟಿನಿಂದ ಹೊರಹೋಗುವ ಜಾಗವನ್ನು ಒಳಗಿನಿಂದ ನೋಡಿ. ಹಗ್ಗದ ಎಳೆತಕ್ಕೆ ಅಲ್ಲಿಂದ ನೀರು ಬರಲು ಶುರುವಾಗಿರಬಹುದು.

ಆಫ್ ಮಾಡಿದರೂ ನಿಲ್ಲದ ಎಂಜಿನ್

ಅಪರೂಪಕ್ಕೆ ಎಂಜಿನ್ ತನ್ನದೇ ಆಯಿಲ್ ಹೀರಿ ಉರಿಸಲು ತೊಡಗುತ್ತದೆ. ವೇಗ ತಾನಾಗಿ ಏರುತ್ತಲೇ ಹೋಗುತ್ತದೆ. ಡೀಸೆಲ್ ಬಂದ್ ಮಾಡಿದರೂ ಪ್ರಯೋಜನವಿಲ್ಲ. ಗಾಳಿ ನಿಲ್ಲಿಸಿದರೆ ಮಾತ್ರ ನಿಲ್ಲುತ್ತದೆ. ಗಾಳಿ ಹೀರುವ ಬಾಯಿಗೆ ಗಟ್ಟಿ ಹಲಗೆ ಒತ್ತಿ ಹಿಡಿಯಿರಿ. ಕೈ ಬೇಡ, ಬಟ್ಟೆಯೂ ಬೇಡ, ಎರಡನ್ನೂ ಎಳೆದುಕೊಳ್ಳುತ್ತದೆ. ಹತ್ತಿರ ಹೋಗಲು ಆಗದಷ್ಟು ಜೋರಾಗಿದ್ದರೆ ದೂರ ಸರಿಯಿರಿ.

ಹಾಗೆಯೇ, ಸ್ಟಾರ್ಟ್ ಆಗಲೆಂದು ಗಾಳಿ ಹೀರುವ ಬಾಯಿಗೆ, ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುವ ಅಭ್ಯಾಸ ಬೇಡ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಒಡೆಯಬಲ್ಲದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇನ್ ಸ್ವಿಚ್ ಆಫ್ ಮಾಡಬೇಡಿ, ಆಲ್ಟರ್ನೇಟರ್ ಸುಡಬಹುದು.

ಬೋಟಿನಲ್ಲಿ ಇರಬೇಕಾದ ಡಬ್ಬಿ, ಒಂದು ನೋಟ್‌ಬುಕ್

ಎರಡೂ ಬಗೆಯ ಡೀಸೆಲ್ ಫಿಲ್ಟರ್, ಅವುಗಳ ರಬ್ಬರ್ ರಿಂಗು, ಇಂಪೆಲ್ಲರ್ ಮತ್ತು ಅದರ ಮುಚ್ಚಳದ ಪ್ಯಾಕಿಂಗ್, ಬೆಲ್ಟು, ಆಯಿಲ್, ಕೂಲೆಂಟ್, ಫ್ಯೂಸು, ಕೆಲವು ಪೈಪ್ ಕ್ಲಿಪ್ಪು, ಟಾರ್ಚು, ಆ ತಿರುಪುಗಳಿಗೆ ಸರಿಹೊಂದುವ ಪಾನಾ. ಇಷ್ಟಿದ್ದರೆ ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಪಾಲನ್ನು ನೀರಿನ ಮೇಲೇ ಸರಿಮಾಡಬಹುದು. ಇಂಪೆಲ್ಲರ್ ಬದಲಿಸುವುದನ್ನೂ ಏರ್ ತೆಗೆಯುವುದನ್ನೂ ದಡದಲ್ಲಿ ಕಟ್ಟಿದಾಗಲೇ ಒಮ್ಮೆ ಮಾಡಿ ನೋಡಿ. ಆ ತಿರುಪು ಎಲ್ಲಿದೆ, ಅದಕ್ಕೆ ಕೈ ತಲುಪುತ್ತದೆಯೇ ಎನ್ನುವುದು ಕತ್ತಲಲ್ಲಿ, ಅಲೆಯಲ್ಲಿ ಗೊತ್ತಾಗಬಾರದು.

ನೋಟ್‌ಬುಕ್‌ನಲ್ಲಿ ಎಂಜಿನ್ ಓಡಿದ ಗಂಟೆ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ದಿನ, ಮಾಮೂಲು ವೇಗದಲ್ಲಿ ಬಿಸಿಯ ಮುಳ್ಳು ಎಲ್ಲಿ ನಿಲ್ಲುತ್ತದೆ, ಆಯಿಲ್ ಒತ್ತಡ ಎಷ್ಟು ಎಂದು ಬರೆದಿಡಿ. ಮುಳ್ಳು ದಿನಾ 80ರಲ್ಲಿ ನಿಲ್ಲುವ ಎಂಜಿನ್ ಇವತ್ತು 88 ತೋರಿಸಿದರೆ ಅಲಾರಂ ಹೊಡೆಯುವುದಿಲ್ಲ. 80 ಎಂದು ಬರೆದಿಟ್ಟವರಿಗೆ ಮಾತ್ರ ಅದು ಕಾಣುತ್ತದೆ, ಅವರು ದಡ ಬಿಡುವ ಮೊದಲೇ ಜಾಲರಿ ತೆಗೆದು ನೋಡುತ್ತಾರೆ.